ಡೇಟಾಬೇಸ್ ಕಾಲಂನೊಳಗೆ ನಿಜವಾಗಿ ಏನಿದೆ? ಡೇಟಾ ಟೈಪ್ ಪತ್ತೆ ಮಾಡುವ ಸಮಗ್ರ ಮಾರ್ಗದರ್ಶಿ

ಮಂಡ್ಯ ಕಡೆಯ ಕಬ್ಬು ಬೆಳೆಗಾರರ ಸಂಘವೊಂದರ ಕಂಪ್ಯೂಟರಿನಲ್ಲಿ ‘ಕಬ್ಬು’ ಎಂಬ ಟೇಬಲ್ ಇದೆ ಎಂದುಕೊಳ್ಳಿ. ಗ್ರಾಮ, ಸರ್ವೆ_ನಂ, ವಿಸ್ತೀರ್ಣ, ತಳಿ, ನಾಟಿ_ದಿನ, ತೂಕ, ಫೋನ್ ಎಂದು ಏಳು ಕಾಲಂ. ಮೂರ್ನಾಲ್ಕು ಹಂಗಾಮಿನ ಲೆಕ್ಕ ಅದರಲ್ಲಿದೆ. ಒಂದಿಷ್ಟನ್ನು ಬೇರೆ ಬೇರೆ ಜನ ಕೂತು ತುಂಬಿದ್ದಾರೆ, ಉಳಿದದ್ದು ಎಕ್ಸೆಲ್ ಫೈಲಿನಿಂದ ಬಂದಿದೆ. ತೂಕವನ್ನೆಲ್ಲ ಕೂಡಿಸಿದರೆ ಚೀಟಿಗಳ ಮೊತ್ತಕ್ಕೆ ತಾಳೆಯಾಗುವುದಿಲ್ಲ. 24 ಟನ್ನಿನ ಲೋಡು ಕಣ್ಣೆದುರೇ ಇದ್ದರೂ ಅತಿ ಹೆಚ್ಚು ತೂಕ ಯಾವುದು ಎಂದು ಕೇಳಿದರೆ ‘೯.೮’ ಎಂಬ ಉತ್ತರ ಬರುತ್ತದೆ. 20 ಟನ್ನಿಗಿಂತ ಹೆಚ್ಚಿನವನ್ನು ಮಾತ್ರ ತೋರಿಸು ಅಂದರೆ ‘ಬಾಕಿ’ ಎಂದು ಬರೆದಿಟ್ಟ ಸಾಲುಗಳೂ ಜೊತೆಗೆ ಬರುತ್ತವೆ.

ಮೂರಕ್ಕೂ ಕಾರಣ ಒಂದೇ. ತೂಕದ ಕಾಲಂನಲ್ಲಿ ಸಂಖ್ಯೆಯಷ್ಟೇ ಇದೆ ಎಂದು ನಾವು ನಂಬಿದ್ದೇವೆ, ಡೇಟಾಬೇಸ್ ಹಾಗೆ ಇಟ್ಟುಕೊಂಡಿಲ್ಲ. ಆದ್ದರಿಂದ ಯಾವ ಕಾಲಂ ಬಗ್ಗೆಯಾದರೂ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು. ಟೇಬಲ್ ಮಾಡುವಾಗ ಯಾವ ಟೈಪ್ (ಸಂಖ್ಯೆ, ಪಠ್ಯ, ದಿನಾಂಕ ಎಂಬಂಥ ಬಗೆ) ಎಂದು ಬರೆದಿದ್ದಾರೆ? ಒಂದೊಂದು ಮೌಲ್ಯವೂ ನಿಜಕ್ಕೂ ಯಾವ ಟೈಪ್ ಆಗಿ ಕೂತಿದೆ? ಆ ಮೌಲ್ಯದ ಅರ್ಥವೇನು, ಅದು ಅಳತೆಯೋ, ಗುರುತಿನ ಸಂಖ್ಯೆಯೋ, ದಿನಾಂಕವೋ? ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಕೆಲಸ ಮುಗಿಯಿತು ಎನ್ನುವವರೇ ಹೆಚ್ಚು. ಹಾನಿಯಾಗುವುದು ಮಾತ್ರ ಎರಡನೆಯದರಲ್ಲಿ ಮತ್ತು ಮೂರನೆಯದರಲ್ಲಿ.

ಇಲ್ಲಿ ಮುಖ್ಯವಾಗಿ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಹಿಡಿದು ಹೇಳಿದೆ. ಸಣ್ಣ ಕಚೇರಿಗಳ ತಂತ್ರಾಂಶ, ಮೊಬೈಲ್ ಆ್ಯಪ್ ಇವುಗಳ ಒಳಗೆ ಹೆಚ್ಚಾಗಿ ಕೂತಿರುವುದು ಅದೇ. ಟೈಪ್ ವಿಷಯದಲ್ಲಿ ಅತಿ ಸಡಿಲ ಬಿಡುವುದೂ ಅದೇ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್‌ಗೆ ಬೇಕಾದ್ದು ‘ಬೇರೆ ಡೇಟಾಬೇಸ್ ಆಗಿದ್ದರೆ’ ಎಂಬ ಭಾಗದಲ್ಲಿದೆ. ಆದೇಶಗಳನ್ನು ಓದಿಕೊಳ್ಳಲು ಅನುಕೂಲವಾಗುವಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಕೀಬೋರ್ಡಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಟೇಬಲ್ ಮತ್ತು ಕಾಲಂ ಹೆಸರು ಕನ್ನಡದಲ್ಲಿದ್ದರೆ ಅಡ್ಡಿಯಿಲ್ಲ.

ಮುಟ್ಟುವ ಮೊದಲು

ಫೈಲಿನ ನಕಲು ಮಾಡಿಕೊಂಡು, ನಕಲಿನ ಮೇಲೆ ಕೆಲಸ ಮಾಡಿ. ತಂತ್ರಾಂಶ ಓಡುತ್ತಿರುವಾಗ ಫೈಲನ್ನು ಸುಮ್ಮನೆ ಕಾಪಿ ಮಾಡಿದರೆ ಅರ್ಧ ಬರೆದ ಸ್ಥಿತಿ ನಕಲಾಗುವ ಅಪಾಯವಿದೆ. ಕಮಾಂಡ್ ಲೈನ್‌ನಲ್ಲಿ ‘.ಬ್ಯಾಕಪ್’ ಆದೇಶ ಕೊಟ್ಟರೆ ಆ ಭಯವಿಲ್ಲ. ಮೂಲ ಫೈಲನ್ನೇ ನೋಡಬೇಕಾದರೆ ‘-ರೀಡ್‌ಓನ್ಲಿ’ ಆಯ್ಕೆ ಕೊಟ್ಟು ತೆರೆಯಿರಿ.

ಒಳಗೆ ಹೋದ ಕೂಡಲೇ ಹೊಡೆಯಬೇಕಾದ ಮೊದಲ ಸಾಲು ಇದು:

    .ಮೋಡ್ ಕೋಟ್

ಇದೊಂದರಿಂದಲೇ ಅರ್ಧ ಕೆಲಸ ಹಗುರವಾಗುತ್ತದೆ. ಇನ್ನು ಮುಂದೆ ಫಲಿತಾಂಶದಲ್ಲಿ ಪಠ್ಯವೆಲ್ಲ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರುತ್ತದೆ, ಸಂಖ್ಯೆ ಬರಿದಾಗಿ ಬರುತ್ತದೆ, ಖಾಲಿ ಇದ್ದಲ್ಲಿ ನಲ್ ಎಂದೇ ಬರುತ್ತದೆ. 12.45 ಮತ್ತು '12.45' ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಎಷ್ಟೋ ಜನ ದಿನಗಟ್ಟಲೆ ತಡಕಾಡುವುದು ಇದೇ ಕಾರಣಕ್ಕೆ.

ಮೊದಲ ಹೆಜ್ಜೆ: ಬರೆದಿಟ್ಟ ಟೈಪ್ ನೋಡುವುದು

    ಪ್ರಾಗ್ಮಾ ಟೇಬಲ್_ಇನ್ಫೋ(ಕಬ್ಬು);

ಪ್ರತಿ ಕಾಲಂಗೂ ಒಂದು ಸಾಲು ಬರುತ್ತದೆ. ಅದರಲ್ಲಿ ಹೆಸರು, ಟೈಪ್, ಖಾಲಿ ಬಿಡಬಹುದೇ, ಡೀಫಾಲ್ಟ್ ಏನು ಎಂಬುದೆಲ್ಲ ಇರುತ್ತದೆ. ‘.ಸ್ಕೀಮಾ ಕಬ್ಬು’ ಎಂದರೆ ಟೇಬಲ್ ಮಾಡಿದ ಮೂಲ ಆದೇಶವೇ ಸಿಗುತ್ತದೆ.

ನಮ್ಮ ಟೇಬಲ್‌ನಲ್ಲಿ ಹೀಗಿದೆ ಎನ್ನಿ: ಗ್ರಾಮ ಟೆಕ್ಸ್ಟ್, ಸರ್ವೆ_ನಂ ವಾರ್‌ಚಾರ್(10), ವಿಸ್ತೀರ್ಣ ಫ್ಲೋಟ್, ತಳಿ ಸ್ಟ್ರಿಂಗ್, ನಾಟಿ_ದಿನ ಡೇಟ್, ತೂಕ ಡೆಸಿಮಲ್(10,3), ಫೋನ್ ಸ್ಟ್ರಿಂಗ್. ನೋಡಲು ಅಚ್ಚುಕಟ್ಟಾಗಿದೆ. ಆದರೆ ಎಸ್‌ಕ್ಯೂಲೈಟ್ ಈ ಹೆಸರುಗಳನ್ನು ನಿಯಮವಾಗಿ ಓದುವುದಿಲ್ಲ, ಒಲವಾಗಿ ಮಾತ್ರ ಓದುತ್ತದೆ. ಇದಕ್ಕೆ ಅಫಿನಿಟಿ ಎನ್ನುತ್ತಾರೆ. ಟೈಪ್ ಹೆಸರಿನೊಳಗೆ ಯಾವ ಅಕ್ಷರಗುಂಪು ಇದೆ ಎಂದು ಅದು ಈ ಕ್ರಮದಲ್ಲಿ ಹುಡುಕುತ್ತದೆ:

1. ಐ-ಎನ್-ಟಿ ಎಂಬ ಮೂರು ಅಕ್ಷರ ಎಲ್ಲಾದರೂ ಇದ್ದರೆ ಇಂಟಿಜರ್, ಅಂದರೆ ಪೂರ್ಣಾಂಕ.
2. ಚಾರ್, ಕ್ಲಾಬ್ ಅಥವಾ ಟೆಕ್ಸ್ಟ್ ಇದ್ದರೆ ಟೆಕ್ಸ್ಟ್, ಅಂದರೆ ಪಠ್ಯ.
3. ಬ್ಲಾಬ್ ಇದ್ದರೆ, ಅಥವಾ ಟೈಪನ್ನೇ ಬರೆಯದಿದ್ದರೆ, ಬ್ಲಾಬ್. ಅಂದರೆ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಡುತ್ತದೆ.
4. ರಿಯಲ್, ಫ್ಲೋಟ್, ಡಬಲ್ ಇದ್ದರೆ ರಿಯಲ್, ಅಂದರೆ ದಶಮಾಂಶ ಸಂಖ್ಯೆ.
5. ಇದ್ಯಾವುದೂ ಇಲ್ಲದಿದ್ದರೆ ನ್ಯೂಮೆರಿಕ್. ಅಂದರೆ ಸಂಖ್ಯೆಯಂತೆ ಕಾಣುವ ಪಠ್ಯವನ್ನು ಸಂಖ್ಯೆಯಾಗಿಸುತ್ತದೆ.

ಐದನೆಯ ನಿಯಮವೇ ಅಪಾಯಕಾರಿ. ‘ಸ್ಟ್ರಿಂಗ್’ ಎಂಬುದು ಮೇಲಿನ ಯಾವ ಪಟ್ಟಿಯಲ್ಲೂ ಇಲ್ಲವಾದ್ದರಿಂದ ನ್ಯೂಮೆರಿಕ್ ಆಗುತ್ತದೆ. ಹಾಗಾಗಿ ಫೋನ್ ಕಾಲಂಗೆ ಮೈಸೂರಿನ ಎಸ್‌ಟಿಡಿ ಕೋಡ್ '0821' ಹಾಕಿದರೆ ಒಳಗೆ ಕೂರುವುದು 821, ಮಂಡ್ಯದ '08232' ಹಾಕಿದರೆ 8232. ಮುಂದಿನ ಸೊನ್ನೆ ಹೋಯಿತು, ಯಾವ ಎಚ್ಚರಿಕೆಯೂ ಬರಲಿಲ್ಲ. ಡೇಟ್, ಬೂಲಿಯನ್, ಡೆಸಿಮಲ್ ಎಲ್ಲವೂ ನ್ಯೂಮೆರಿಕ್ ಗುಂಪಿಗೇ ಸೇರುತ್ತವೆ. ಟೈಪ್ ಹೆಸರನ್ನು ಕನ್ನಡದಲ್ಲೇ ‘ಪಠ್ಯ’ ಎಂದು ಬರೆದರೂ ಟೇಬಲ್ ಆಗುತ್ತದೆ, ಆದರೆ ಅದೂ ನ್ಯೂಮೆರಿಕ್ಕೇ. ತಮಾಷೆಯೆಂದರೆ ‘ಫ್ಲೋಟಿಂಗ್ ಪಾಯಿಂಟ್’ ಎಂದು ಬರೆದರೆ ಇಂಟಿಜರ್ ಅಫಿನಿಟಿ ಸಿಗುತ್ತದೆ, ಏಕೆಂದರೆ ಪಾಯಿಂಟ್ ಪದದ ಕೊನೆಯಲ್ಲಿ ಐ-ಎನ್-ಟಿ ಇದೆ. ವಾರ್‌ಚಾರ್(10) ಎಂಬಲ್ಲಿನ ಹತ್ತು, ಡೆಸಿಮಲ್(10,3) ಎಂಬಲ್ಲಿನ ಮೂರು ಎರಡಕ್ಕೂ ಇಲ್ಲಿ ಬೆಲೆಯಿಲ್ಲ.

ಎರಡನೆಯ ಹೆಜ್ಜೆ: ಒಳಗೆ ಕೂತಿರುವ ಟೈಪ್ ಎಣಿಸುವುದು

ಎಸ್‌ಕ್ಯೂಲೈಟ್‌ನಲ್ಲಿ ಟೈಪ್ ಇರುವುದು ಕಾಲಂಗಲ್ಲ, ಒಂದೊಂದು ಮೌಲ್ಯಕ್ಕೆ. ಐದೇ ಬಗೆ: ನಲ್, ಇಂಟಿಜರ್, ರಿಯಲ್, ಟೆಕ್ಸ್ಟ್, ಬ್ಲಾಬ್ (ಬರೀ ಬೈಟುಗಳ ಗುಂಪು). ಅದನ್ನು ಹೇಳುವ ಫಂಕ್ಷನ್ ಟೈಪ್‌ಆಫ್, ನಡುವೆ ಅಂತರವಿಲ್ಲದೆ ಒಂದೇ ಪದ.

    ಸೆಲೆಕ್ಟ್ ಟೈಪ್‌ಆಫ್(ತೂಕ), ಕೌಂಟ್(*), ಮಿನ್(ತೂಕ), ಮ್ಯಾಕ್ಸ್(ತೂಕ)
    ಫ್ರಮ್ ಕಬ್ಬು
    ಗ್ರೂಪ್ ಬೈ ಟೈಪ್‌ಆಫ್(ತೂಕ);

ಉತ್ತರ ಹೀಗೆ ಬಂತೆನ್ನಿ:

    'ಇಂಟಿಜರ್', 412, 8, 18640
    'ನಲ್', 28, ನಲ್, ನಲ್
    'ರಿಯಲ್', 1863, 3.2, 24.85
    'ಟೆಕ್ಸ್ಟ್', 97, '', '೯.೮'

ಮಿನ್, ಮ್ಯಾಕ್ಸ್ ಎರಡನ್ನೂ ಜೊತೆಗೆ ಕೇಳಿದ್ದು ಸುಮ್ಮನಲ್ಲ. ಬರೀ ಎಣಿಕೆ ನೋಡಿದರೆ ಟೆಕ್ಸ್ಟ್ 97 ಮಾತ್ರ ತಕರಾರು ಅನ್ನಿಸುತ್ತದೆ. ಮ್ಯಾಕ್ಸ್ ನೋಡಿದ ಮೇಲೆ ಇಂಟಿಜರ್ ಸಾಲಿನ 18640 ಕಣ್ಣಿಗೆ ಬೀಳುತ್ತದೆ. ಒಂದು ಲೋಡು ಹದಿನೆಂಟು ಸಾವಿರ ಟನ್ ಇರಲಾರದು. ಯಾರೋ ಟನ್ ಬದಲು ಕೆಜಿಯಲ್ಲಿ ತುಂಬಿದ್ದಾರೆ. ನ್ಯೂಮೆರಿಕ್ ಅಫಿನಿಟಿಯಲ್ಲಿ 12.0 ಕೂಡ 12 ಎಂಬ ಇಂಟಿಜರ್ ಆಗುವುದರಿಂದ ಇಂಟಿಜರ್ ಎಲ್ಲವೂ ಕೆಜಿ ಅಲ್ಲ, ಆದರೆ ಕೆಜಿಯದ್ದೆಲ್ಲ ಬಹುತೇಕ ಇಂಟಿಜರ್ ಗುಂಪಿನಲ್ಲೇ ಸಿಗುತ್ತದೆ. 100ಕ್ಕಿಂತ ಹೆಚ್ಚಿನವನ್ನು ಬೇರೆ ತೆಗೆದರೆ ಆಯಿತು.

ಆರಂಭದ ವಿಚಿತ್ರ ಉತ್ತರಗಳಿಗೂ ಈಗ ಕಾರಣ ಸಿಕ್ಕಿತು. ಬೇರೆ ಬೇರೆ ಟೈಪ್‌ಗಳನ್ನು ಹೋಲಿಸುವಾಗ ಎಸ್‌ಕ್ಯೂಲೈಟ್ ಅನುಸರಿಸುವ ಕ್ರಮವಿದು: ಎಲ್ಲಕ್ಕಿಂತ ಕೆಳಗೆ ನಲ್, ಮೇಲೆ ಸಂಖ್ಯೆಗಳು, ಅದರ ಮೇಲೆ ಪಠ್ಯ, ಎಲ್ಲಕ್ಕಿಂತ ಮೇಲೆ ಬ್ಲಾಬ್. ಯಾವ ಪಠ್ಯವಾದರೂ ಯಾವ ಸಂಖ್ಯೆಗಿಂತಲೂ ದೊಡ್ಡದೇ. ಆದ್ದರಿಂದ ‘ಬಾಕಿ’ ಎಂಬುದು 20ಕ್ಕಿಂತ ಹೆಚ್ಚು, ಖಾಲಿ ಪಠ್ಯವೂ 20ಕ್ಕಿಂತ ಹೆಚ್ಚು. ಪಠ್ಯಗಳ ನಡುವೆ ಹೋಲಿಕೆ ಅಕ್ಷರ ಸಂಕೇತದ ಪ್ರಕಾರ ನಡೆಯುತ್ತದೆ. ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳ ಸಂಕೇತ ಕನ್ನಡ ವ್ಯಂಜನಗಳದ್ದಕ್ಕಿಂತ ದೊಡ್ಡದಾಗಿರುವುದರಿಂದ ‘೯.೮’ ಎಲ್ಲರನ್ನೂ ಮೀರಿಸಿ ಗರಿಷ್ಠ ಎನಿಸಿಕೊಂಡಿತು. ಸಮ್ ಮಾಡುವಾಗ ಮಾತ್ರ ‘ಬಾಕಿ’, ‘೯.೮’ ಎರಡೂ ಸೊನ್ನೆ. ಸರಾಸರಿಯಲ್ಲಿ ಇನ್ನೂ ಕೆಟ್ಟದ್ದಾಗುತ್ತದೆ. ಸೊನ್ನೆಯಾಗಿ ಕೂಡುವುದಲ್ಲದೆ ಭಾಗಿಸುವ ಎಣಿಕೆಯಲ್ಲೂ ಅವು ಸೇರಿಕೊಂಡು ಸರಾಸರಿಯನ್ನು ಕೆಳಗೆ ಎಳೆಯುತ್ತವೆ. ನಲ್ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಟೈಪ್‌ಆಫ್ ಬಳಸುವಾಗ ಒಂದು ಎಚ್ಚರಿಕೆ. ಕಾಲಂ ಹೆಸರನ್ನು ಒಂಟಿ ಉದ್ಧರಣದೊಳಗೆ ಹಾಕಿದರೆ ಅದು ಕಾಲಂ ಅಲ್ಲ, ಬರೀ ಪದ. ಎಲ್ಲ ಸಾಲಿಗೂ ‘ಟೆಕ್ಸ್ಟ್’ ಎಂದೇ ಬರುತ್ತದೆ. ಜೋಡಿ ಉದ್ಧರಣದೊಳಗೆ ಹಾಕಿ, ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅಷ್ಟೇ: ಹಳೆಯ ಆವೃತ್ತಿಗಳು ‘ಇಂಥ ಕಾಲಂ ಇಲ್ಲ’ ಎನ್ನುವ ಬದಲು ಅದನ್ನೂ ಪದವೆಂದೇ ತಿಳಿಯುತ್ತವೆ. ಸಾವಿರಾರು ಸಾಲಿಗೆ ಒಂದೇ ಟೈಪ್ ಬಂದರೆ ಖುಷಿಪಡುವ ಮೊದಲು ಕ್ವೆರಿಯ, ಅಂದರೆ ಹೊಡೆದ ಆದೇಶದ, ಕಾಗುಣಿತ ನೋಡಿ. ಕನ್ನಡ ಕಾಲಂ ಹೆಸರಿನೊಳಗೆ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ನುಸುಳಿದ್ದರಂತೂ ಸರಿಯಾಗಿ ಹೊಡೆದ ಹೆಸರೂ ಸಿಗುವುದಿಲ್ಲ. ಅಂಥ ಹೆಸರನ್ನು ಟೇಬಲ್_ಇನ್ಫೋ ಫಲಿತಾಂಶದಿಂದ ನಕಲು ಮಾಡಿ ಅಂಟಿಸುವುದೇ ಕ್ಷೇಮ.

ಇದೇ ಕ್ವೆರಿಯನ್ನು ಏಳೂ ಕಾಲಂಗೆ ಓಡಿಸಿ, ಫಲಿತಾಂಶ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮುಂದಿನ ಹೆಜ್ಜೆಗಳಿಗೆ ಅದೇ ಆಧಾರ.

ಮೂರನೆಯ ಹೆಜ್ಜೆ: ಪಠ್ಯದೊಳಗೆ ಇಣುಕುವುದು

97 ಪಠ್ಯ ಸಾಲುಗಳನ್ನು ಒಂದೊಂದಾಗಿ ಓದಬಹುದು. 9,700 ಇದ್ದರೆ ಆಗುವುದಿಲ್ಲ. ಆಗ ಅಚ್ಚು ತೆಗೆಯುವ ಉಪಾಯ ಕೆಲಸ ಮಾಡುತ್ತದೆ. 1ರಿಂದ 9ರವರೆಗಿನ ಎಲ್ಲ ಅಂಕಿಯನ್ನೂ 0 ಮಾಡಿ, ಉಳಿದದ್ದನ್ನು ಹಾಗೇ ಬಿಟ್ಟು, ಒಂದೇ ಆಕಾರದವನ್ನು ಗುಂಪು ಮಾಡುವುದು.

    ಸೆಲೆಕ್ಟ್ ರಿಪ್ಲೇಸ್(ರಿಪ್ಲೇಸ್(ರಿಪ್ಲೇಸ್(ತೂಕ,'1','0'),'2','0'),'3','0') ಆ್ಯಸ್ ಅಚ್ಚು,
           ಕೌಂಟ್(*), ಮಿನ್(ರೋಐಡಿ)
    ಫ್ರಮ್ ಕಬ್ಬು
    ವೇರ್ ಟೈಪ್‌ಆಫ್(ತೂಕ) = 'ಟೆಕ್ಸ್ಟ್'
    ಗ್ರೂಪ್ ಬೈ ಅಚ್ಚು ಆರ್ಡರ್ ಬೈ 2 ಡೆಸ್ಕ್;

ಇಲ್ಲಿ ಜಾಗ ಉಳಿಸಲು 3ರ ತನಕ ತೋರಿಸಿದೆ, ಹೀಗೆಯೇ 9ರ ತನಕ ಸುತ್ತಬೇಕು. ಉದ್ದವಾಗಿ ಕಂಡರೂ ಒಮ್ಮೆ ಬರೆದಿಟ್ಟುಕೊಂಡರೆ ಎಲ್ಲ ಕಾಲಂಗೂ ಆಗುತ್ತದೆ. ನೂರಾರು ಬೇರೆ ಬೇರೆ ಮೌಲ್ಯ ಹತ್ತು ಹನ್ನೆರಡು ಆಕಾರಕ್ಕೆ ಇಳಿಯುತ್ತವೆ: '00.00 ಟನ್', '00,000', 'ಬಾಕಿ', '', '-', '೯.೮'. ಕನ್ನಡ ಅಂಕಿಗಳನ್ನು ನಾವು ಬದಲಿಸಿಲ್ಲವಾದ್ದರಿಂದ ಅವು ಬೇರೆಯಾಗಿಯೇ ಎದ್ದು ಕಾಣುತ್ತವೆ. ರೋಐಡಿ ಎಂದರೆ ಡೇಟಾಬೇಸ್ ಪ್ರತಿ ಸಾಲಿಗೂ ಕೊಟ್ಟ ಗುರುತಿನ ಸಂಖ್ಯೆ. ಮಿನ್(ರೋಐಡಿ) ಕೊಟ್ಟ ಸಂಖ್ಯೆ ಹಿಡಿದು ಒಂದು ಮಾದರಿ ಸಾಲು ತೆರೆದು ನೋಡಬಹುದು.

ಪ್ರತಿ ಆಕಾರಕ್ಕೂ ಅದರದ್ದೇ ಕಥೆ. ಅವಸರದಲ್ಲಿ ಕ್ಯಾಸ್ಟ್ (ಬಲವಂತವಾಗಿ ಬೇರೆ ಟೈಪ್‌ಗೆ ಬದಲಾವಣೆ) ಮಾಡಿಬಿಟ್ಟರೆ ಏನಾಗುತ್ತದೆ ಎಂಬುದು ಗೊತ್ತಿರಬೇಕು. ಪಠ್ಯವನ್ನು ರಿಯಲ್‌ಗೆ ಕ್ಯಾಸ್ಟ್ ಮಾಡಿದಾಗ ಎಸ್‌ಕ್ಯೂಲೈಟ್ ಎಡದಿಂದ ಎಷ್ಟು ಭಾಗ ಸಂಖ್ಯೆಯೋ ಅಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. '12.45 ಟನ್' ಆದರೆ 12.45, ಸರಿ. '12,450' ಆದರೆ 12. ನಮ್ಮ ರೂಢಿಯ '1,24,500' ಆದರೆ 1. 'ಬಾಕಿ' ಆದರೆ 0.0. ‘೯.೮’ ಕೂಡ 0.0. ಯಾವುದಕ್ಕೂ ದೋಷ ಸಂದೇಶವಿಲ್ಲ. ಹಾಗಾಗಿ ಯಾವ ಪಠ್ಯ ಇಡಿಯಾಗಿ ಸಂಖ್ಯೆಯೇ ಎಂದು ತಿಳಿಯಲು ಕ್ಯಾಸ್ಟ್ ಬಳಸಬೇಡಿ. ಅದರ ಬದಲು ತಾತ್ಕಾಲಿಕ ಟೇಬಲ್ ಮಾಡಿ ಅಫಿನಿಟಿಯಿಂದಲೇ ತೀರ್ಪು ಕೊಡಿಸಿ:

    ಕ್ರಿಯೇಟ್ ಟೆಂಪ್ ಟೇಬಲ್ ಪರೀಕ್ಷೆ(ಸಾಲು ಇಂಟಿಜರ್, ಮೂಲ ಬ್ಲಾಬ್, ಮೌಲ್ಯ ನ್ಯೂಮೆರಿಕ್);
    ಇನ್ಸರ್ಟ್ ಇನ್‌ಟು ಪರೀಕ್ಷೆ ಸೆಲೆಕ್ಟ್ ರೋಐಡಿ, ಸರ್ವೆ_ನಂ, ಸರ್ವೆ_ನಂ ಫ್ರಮ್ ಕಬ್ಬು;
    ಸೆಲೆಕ್ಟ್ * ಫ್ರಮ್ ಪರೀಕ್ಷೆ ವೇರ್ ಟೈಪ್‌ಆಫ್(ಮೌಲ್ಯ) = 'ಟೆಕ್ಸ್ಟ್';

ಅಫಿನಿಟಿ ಕ್ಯಾಸ್ಟ್‌ನಂತಲ್ಲ. ಪಠ್ಯ ಆದ್ಯಂತ ಸರಿಯಾದ ಸಂಖ್ಯೆಯಾಗಿದ್ದರೆ ಮಾತ್ರ ಬದಲಿಸುತ್ತದೆ, ಇಲ್ಲದಿದ್ದರೆ ಮುಟ್ಟುವುದಿಲ್ಲ. ಕೊನೆಗೆ ಟೆಕ್ಸ್ಟ್ ಆಗಿಯೇ ಉಳಿದವು ಮಾತ್ರ ಕೈಯಾರೆ ನೋಡಬೇಕಾದವು. ಟೆಕ್ಸ್ಟ್ ಅಥವಾ ಟೈಪ್ ಇಲ್ಲದ ಕಾಲಂಗಳಿಗೆ ಇದು ಬಹಳ ಒದಗುತ್ತದೆ. ತೂಕದಂತೆ ಮೊದಲೇ ನ್ಯೂಮೆರಿಕ್ ಆಗಿರುವ ಕಾಲಂಗೆ ಬೇಕಿಲ್ಲ, ಅಲ್ಲಿ ಈ ತೀರ್ಪು ಸೇರಿಸುವಾಗಲೇ ಆಗಿಹೋಗಿದೆ.

ಖಾಲಿ ಪಠ್ಯ ಮತ್ತು ನಲ್ ಬೇರೆ ಬೇರೆ. ಸಿಎಸ್‌ವಿ ಫೈಲಿನ ಖಾಲಿ ಅಂಕಣ ‘.ಇಂಪೋರ್ಟ್’ ಮೂಲಕ ಬಂದರೆ ನಲ್ ಆಗುವುದಿಲ್ಲ, ಖಾಲಿ ಪಠ್ಯವಾಗುತ್ತದೆ. ‘ಈಸ್ ನಲ್’ ಎಂದು ಹುಡುಕಿ ಏನೂ ಸಿಗಲಿಲ್ಲವೆಂದು ನೆಮ್ಮದಿಯಾಗಿರುವವರು ಇದನ್ನು ನೆನಪಿಡಬೇಕು.

ಕಣ್ಣಿಗೆ ಕಾಣದ ಅಕ್ಷರ ಇನ್ನೊಂದು ಕಾಟ. '12.45' ಎಂದು ಕಾಣುತ್ತದೆ, ಆದರೂ ಟೆಕ್ಸ್ಟ್ ಆಗಿಯೇ ಉಳಿದಿದೆ ಎಂದರೆ ಲೆಂಗ್ತ್(ತೂಕ) ಕೇಳಿ. 5 ಬರಬೇಕಾದಲ್ಲಿ 6 ಬಂದರೆ ಜೊತೆಗೆ ಇನ್ನೇನೋ ಇದೆ. ವೆಬ್ ಪುಟದಿಂದ ಅಂಟಿಸಿದ ಡೇಟಾದಲ್ಲಿ ಸಾಮಾನ್ಯವಾಗಿ ಸಿಗುವುದು ಮುರಿಯದ ಸ್ಪೇಸ್, ಅದರ ಸಂಕೇತ 160. ಟ್ರಿಮ್ ಫಂಕ್ಷನ್ ತನ್ನಷ್ಟಕ್ಕೆ ಮಾಮೂಲಿ ಸ್ಪೇಸ್ ಮಾತ್ರ ತೆಗೆಯುತ್ತದೆ. ಇದನ್ನು ತೆಗೆಯಲು ರಿಪ್ಲೇಸ್(ತೂಕ, ಚಾರ್(160), '') ಬೇಕು.

ಕನ್ನಡ ಡೇಟಾದಲ್ಲಿ ಮಾತ್ರ ಸಿಗುವ ತೊಡಕುಗಳು

ಹೊರಗಿನ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲವಾದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡ ಅಂಕಿಗಳನ್ನು ಎಸ್‌ಕ್ಯೂಲೈಟ್ ಸಂಖ್ಯೆ ಎಂದು ಒಪ್ಪುವುದಿಲ್ಲ. ಪೈಥಾನ್ ಒಪ್ಪುತ್ತದೆ! ಪೈಥಾನ್‌ನಲ್ಲಿ ಫ್ಲೋಟ್('೧೨.೪೫') ಎಂದರೆ 12.45 ಸಿಗುತ್ತದೆ. ಹಾಗಾಗಿ ಪೈಥಾನ್‌ನಲ್ಲಿ ತಪಾಸಣೆ ಮಾಡಿ ‘ಎಲ್ಲ ಸಂಖ್ಯೆಯೇ’ ಎಂದು ತೀರ್ಮಾನಿಸಿ, ಮೂಲ ಪಠ್ಯವನ್ನು ಹಾಗೇ ಡೇಟಾಬೇಸ್‌ಗೆ ಬರೆದರೆ, ತಪಾಸಣೆ ಪಾಸಾದ ಮೌಲ್ಯವೇ ಅಲ್ಲಿ ಪಠ್ಯವಾಗಿ ಕೂರುತ್ತದೆ. ಪರೀಕ್ಷಿಸಿದ್ದನ್ನಲ್ಲ, ಪರಿವರ್ತಿಸಿದ್ದನ್ನು ಬರೆಯಬೇಕು. ಕನ್ನಡ ಅಂಕಿ ಎಲ್ಲೆಲ್ಲಿದೆ ಎಂದು ಹುಡುಕಲು, ಮಾದರಿಗೆ ಹೊಂದುವುದನ್ನು ಹೆಕ್ಕುವ ಗ್ಲಾಬ್ ಬಳಸಿ:

    ಸೆಲೆಕ್ಟ್ ರೋಐಡಿ, ತೂಕ ಫ್ರಮ್ ಕಬ್ಬು ವೇರ್ ತೂಕ ಗ್ಲಾಬ್ '*[೦-೯]*';

ಇದೇ ಕ್ವೆರಿಯನ್ನು ಗ್ರಾಮದ ಕಾಲಂ ಮೇಲೂ ಓಡಿಸಿ. ಊರಿನ ಹೆಸರಿನಲ್ಲಿ ಅಂಕಿ ಎಲ್ಲಿಂದ ಬರಬೇಕು ಅನ್ನಬೇಡಿ. ಅನುಸ್ವಾರದ ಬದಲು ಕನ್ನಡ ಸೊನ್ನೆ ಹೊಡೆಯುವ ಅಭ್ಯಾಸ ಹಲವರಿಗಿದೆ. ಮಂಡ್ಯ, ಮ೦ಡ್ಯ: ಪರದೆಯ ಮೇಲೆ ಎರಡೂ ಒಂದೇ. ಮೊದಲನೆಯದರಲ್ಲಿ ಅನುಸ್ವಾರ, ಸಂಕೇತ 3202. ಎರಡನೆಯದರಲ್ಲಿ ಅಂಕಿ ಸೊನ್ನೆ, ಸಂಕೇತ 3302. ಎರಡರ ಉದ್ದವೂ 5, ಟೈಪ್ ಎರಡಕ್ಕೂ ಟೆಕ್ಸ್ಟ್. ಗ್ರೂಪ್ ಬೈ ಮಾಡಿದಾಗ ಮಾತ್ರ ಒಂದೇ ಊರು ಎರಡು ಸಾಲಾಗಿ ಒಡೆಯುತ್ತದೆ. ಯೂನಿಕೋಡ್(ಸಬ್‌ಸ್ಟ್ರ್(ಗ್ರಾಮ,2,1)) ಎಂದು ಕೇಳಿದರೆ ಎರಡನೆಯ ಅಕ್ಷರದ ಸಂಕೇತ ಸಿಗುತ್ತದೆ. ಇದರ ತಿರುವು ಮುರುವೂ ಉಂಟು: ‘೧ಂ’ ಎಂದು ಹತ್ತನ್ನು ಅನುಸ್ವಾರ ಹಾಕಿ ಬರೆದಿರುತ್ತಾರೆ. ಅಂಕಿ ಬದಲಿಸುವ ಮೊದಲು ಅದನ್ನೂ ಸರಿಮಾಡಿ.

ಬದಲಿಸಲು ಎಸ್‌ಕ್ಯೂಲೈಟ್‌ನಲ್ಲಿ ಹತ್ತು ರಿಪ್ಲೇಸ್ ಸುತ್ತಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಸಾಲು: ಟ್ರಾನ್ಸ್‌ಲೇಟ್(ತೂಕ, '೦೧೨೩೪೫೬೭೮೯', '0123456789').

ಮೂರನೆಯದು ಹಳೆಯ ನುಡಿ, ಬರಹ ಫಾಂಟ್‌ಗಳ ಕಾಲದ ಡೇಟಾ. ಆ ಫಾಂಟ್ ಹಾಕಿದರೆ ಕನ್ನಡವೇ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ ಸಂಕೇತಗಳು. ಟೈಪ್‌ಆಫ್ ಟೆಕ್ಸ್ಟ್ ಎಂದೇ ಹೇಳುತ್ತದೆ. ಗ್ರಾಮ ನಾಟ್ ಗ್ಲಾಬ್ '*[ಅ-ಹ]*' ಎಂದು ಕೇಳಿದರೆ ಒಂದೂ ಯೂನಿಕೋಡ್ ಕನ್ನಡ ಅಕ್ಷರವಿಲ್ಲದ ಸಾಲುಗಳು ಸಿಗುತ್ತವೆ. ಅವನ್ನು ಪರಿವರ್ತಕ ತಂತ್ರಾಂಶದಿಂದಲೇ ಬದಲಿಸಬೇಕು, ಕ್ವೆರಿಯಿಂದ ಆಗುವ ಕೆಲಸವಲ್ಲ.

ನಾಲ್ಕನೆಯ ಹೆಜ್ಜೆ: ಟೈಪ್ ಸರಿಯಿದ್ದೂ ಅರ್ಥ ತಪ್ಪಿದ್ದರೆ

ಟೈಪ್‌ಆಫ್ ಇಡೀ ಕಾಲಂಗೆ ‘ರಿಯಲ್’ ಎಂದರೂ ಸುಮ್ಮನಾಗಬಾರದು. ವಿಸ್ತೀರ್ಣದ ಕಾಲಂ ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದು ಬರೆಯುವುದು ನಮ್ಮಲ್ಲಿ ರೂಢಿ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ನಿಜಕ್ಕೆ 2.5 ಎಕರೆ. ಡೇಟಾಬೇಸ್‌ಗೆ ಮಾತ್ರ 2.2. ಒಂದು ಎಕರೆ 39 ಗುಂಟೆಗೆ ಒಂದು ಗುಂಟೆ ಕೂಡಿದರೆ ಎರಡು ಎಕರೆ ಆಗಬೇಕು, 1.39 ಮತ್ತು 0.01 ಕೂಡಿದರೆ ಬರುವುದು 1.40. ಇಡೀ ಗ್ರಾಮದ ಒಟ್ಟು ವಿಸ್ತೀರ್ಣ ಹೀಗೆ ತಪ್ಪುತ್ತದೆ, ಒಂದೂ ದೋಷ ಸಂದೇಶವಿಲ್ಲದೆ.

ಕಾಲಂನಲ್ಲಿರುವುದು ಎಕರೆ-ಗುಂಟೆಯೋ, ದಶಮಾಂಶ ಎಕರೆಯೋ? ಚುಕ್ಕೆಯ ನಂತರದ ಭಾಗ 40 ಅಥವಾ ಹೆಚ್ಚಿದೆಯೇ ನೋಡಿ:

    ಸೆಲೆಕ್ಟ್ ಕೌಂಟ್(*) ಫ್ರಮ್ ಕಬ್ಬು
    ವೇರ್ ಟೈಪ್‌ಆಫ್(ವಿಸ್ತೀರ್ಣ) = 'ರಿಯಲ್'
    ಆಂಡ್ ಕ್ಯಾಸ್ಟ್(ರೌಂಡ್(ವಿಸ್ತೀರ್ಣ*100) ಆ್ಯಸ್ ಇಂಟಿಜರ್) % 100 >= 40;

ನೂರಾರು ಸಾಲಿನಲ್ಲಿ ಒಂದೂ ಸಿಗದಿದ್ದರೆ ಅದು ಎಕರೆ-ಗುಂಟೆ ಎಂದು ಧೈರ್ಯವಾಗಿ ಹೇಳಬಹುದು. 2.75, 1.5 ಥರದವು ಧಾರಾಳವಾಗಿದ್ದರೆ ದಶಮಾಂಶ. ಬೆರಳೆಣಿಕೆಯಷ್ಟು ಮಾತ್ರ ಸಿಕ್ಕರೆ ಎರಡೂ ಬೆರೆತಿವೆ, ತುಂಬಿದವರನ್ನೇ ಕೇಳಬೇಕು. ರೌಂಡ್ ಬಿಡಬೇಡಿ: ರಿಯಲ್ ಸಂಖ್ಯೆಯನ್ನು ನೂರರಿಂದ ಗುಣಿಸಿದಾಗ ಕೂದಲೆಳೆಯಷ್ಟು ಕಡಿಮೆ ಬಂದು ಒಂದು ಗುಂಟೆ ಕಳಚಿಹೋಗಬಹುದು.

ಇದಕ್ಕಿಂತ ಕೆಟ್ಟದ್ದು 2.1. ಎರಡು ಎಕರೆ ಹತ್ತು ಗುಂಟೆಯನ್ನು 2.10 ಎಂದು ಹಾಕಿದರೂ ರಿಯಲ್ ಆದ ಮೇಲೆ 2.1. ಎರಡು ಎಕರೆ ಒಂದು ಗುಂಟೆಯನ್ನು ಯಾರಾದರೂ 2.01 ಎನ್ನುವ ಬದಲು 2.1 ಎಂದು ಹಾಕಿದ್ದರೆ ಅದೂ 2.1. ಒಂಬತ್ತು ಗುಂಟೆಯ ವ್ಯತ್ಯಾಸ ಡೇಟಾಬೇಸ್‌ನೊಳಗೆ ಪೂರ್ತಿ ಅಳಿಸಿಹೋಗಿದೆ. ಪಹಣಿಯ ಮಾದರಿಯಲ್ಲಿ '2.20.00' ಎಂದು ಬರೆದವು ಎರಡು ಚುಕ್ಕೆಯ ದೆಸೆಯಿಂದ ಸಂಖ್ಯೆಯಾಗದೆ ಪಠ್ಯವಾಗಿಯೇ ಉಳಿದಿರುತ್ತವೆ. ಟೈಪ್ ಎಣಿಕೆಯಲ್ಲಿ ತಪ್ಪಾಗಿ ಕಾಣುವ ಅವೇ ನಂಬಲು ಯೋಗ್ಯ!

ತಳಿಯ ಕಾಲಂ ಕೂಡ ಹೀಗೆಯೇ ಮೋಸ ಮಾಡುತ್ತದೆ. ಮಂಡ್ಯದ ಕಡೆ ಚಿರಪರಿಚಿತವಾದ ಸಿಒ 62175 ತಳಿಯನ್ನು ಎಲ್ಲರೂ ಬರೀ ‘62175’ ಎಂದೇ ಬರೆಯುತ್ತಾರೆ. ನ್ಯೂಮೆರಿಕ್ ಅಫಿನಿಟಿಯಲ್ಲಿ ಅದು ಇಂಟಿಜರ್ ಆಗಿಬಿಡುತ್ತದೆ. ವಿ.ಸಿ. ಫಾರಂ ತಳಿಯಾದ ವಿಸಿಎಫ್ 0517 ಅನ್ನು ‘0517’ ಎಂದು ಹಾಕಿದರೆ 517 ಆಗುತ್ತದೆ. ಕೂಡಲು, ಕಳೆಯಲು ಅರ್ಥವಿಲ್ಲದ ಸಂಖ್ಯೆ ಸಂಖ್ಯೆಯಲ್ಲ, ಅದು ಹೆಸರು. ತಳಿ, ಸರ್ವೆ ನಂಬರ್, ಪಿನ್‌ಕೋಡ್, ಫೋನ್, ಬ್ಯಾಂಕ್ ಖಾತೆ ಎಲ್ಲವೂ ಟೆಕ್ಸ್ಟ್ ಆಗಿಯೇ ಇರಬೇಕು.

ಸರ್ವೆ_ನಂ ವಾರ್‌ಚಾರ್ ಆಗಿರುವುದರಿಂದ ಡೇಟಾಬೇಸ್‌ನಲ್ಲಿ ಬಚಾವು, ಆದರೆ ಎಕ್ಸೆಲ್ ದಾಟಿ ಬಂದಿದ್ದರೆ ಇಲ್ಲ. '12/3' ಎಂಬ ಸರ್ವೆ ನಂಬರನ್ನು ಎಕ್ಸೆಲ್ ಮಾರ್ಚ್ 12 ಎಂದು ತಿಳಿಯುತ್ತದೆ. ಅಚ್ಚು ತೆಗೆಯುವ ಕ್ವೆರಿ ಓಡಿಸಿದಾಗ ತಿಂಗಳ ಹೆಸರು ಇಣುಕಿದರೆ ಅದೇ ಆಗಿದೆ. ಫೋನ್ ನಂಬರು ಎಕ್ಸೆಲ್‌ನಲ್ಲಿ ಘಾತದ ರೂಪ ತಳೆದು ಸಿಎಸ್‌ವಿಗೆ ಹಾಗೇ ಇಳಿದಿದ್ದರೆ, ನ್ಯೂಮೆರಿಕ್ ಕಾಲಂ ಅದನ್ನು 9800000000 ಥರದ ಅಂದವಾದ ಇಂಟಿಜರ್ ಮಾಡುತ್ತದೆ. ಹತ್ತು ಅಂಕಿ, ಟೈಪ್ ಸರಿ, ನಂಬರು ಸುಳ್ಳು. ಕೊನೆಯ ನಾಲ್ಕು ಅಂಕಿ 0000 ಇರುವ ನಂಬರುಗಳು ಎಷ್ಟಿವೆ ಎಂದು ಎಣಿಸಿ. ಬ್ಯಾಂಕ್ ಖಾತೆಗೂ ಇದೇ ಪರೀಕ್ಷೆ ಮಾಡಿ, ಏಕೆಂದರೆ 15 ಅಂಕಿಯ ಆಚೆಗಿನದನ್ನು ಎಕ್ಸೆಲ್ ಸೊನ್ನೆ ಮಾಡಿಬಿಡುತ್ತದೆ.

ದಿನಾಂಕಕ್ಕೆ ಎಸ್‌ಕ್ಯೂಲೈಟ್‌ನಲ್ಲಿ ಪ್ರತ್ಯೇಕ ಟೈಪ್ ಇಲ್ಲ. ಒಂದೇ ದಿನ, 2024ರ ಜುಲೈ 5, ನಾಟಿ_ದಿನದಲ್ಲಿ ಇಷ್ಟು ವೇಷದಲ್ಲಿ ಸಿಗಬಹುದು:

- '2024-07-05' ಎಂಬ ಪಠ್ಯ
- '05/07/2024' ಎಂಬ ಪಠ್ಯ
- 20240705, ಎಂಟಂಕಿ ಇಂಟಿಜರ್
- 45478, ಎಕ್ಸೆಲ್‌ನ ದಿನ ಸಂಖ್ಯೆ
- 2460496.5, ಜೂಲಿಯನ್ ದಿನ ಎಂಬ ಖಗೋಳ ಲೆಕ್ಕದ ದಿನ ಸಂಖ್ಯೆ
- 1720137600, ಯುನಿಕ್ಸ್ ಸೆಕೆಂಡು (1970ರ ಜನವರಿ 1ರಿಂದ ಎಣಿಸಿದ್ದು). 13 ಅಂಕಿ ಇದ್ದರೆ ಮಿಲಿಸೆಕೆಂಡು

ಅಂಕಿಗಳ ಸಂಖ್ಯೆಯೇ ಗುರುತು ಹೇಳುತ್ತದೆ. ಎಕ್ಸೆಲ್ ಸಂಖ್ಯೆಯಿಂದ 25569 ಕಳೆದು 86400ರಿಂದ ಗುಣಿಸಿದರೆ ಯುನಿಕ್ಸ್ ಸೆಕೆಂಡು ಸಿಗುತ್ತದೆ. ಯುನಿಕ್ಸ್ ಸಮಯವಿದ್ದರೆ ದಿನ ಒಂದು ಹಿಂದೆ ಸರಿದಿದೆಯೇ ಗಮನಿಸಿ. ನಮ್ಮ ನಡುರಾತ್ರಿ 12 ಗಂಟೆ ಎಂದರೆ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಹಿಂದಿನ ದಿನದ 18:30, ಐದೂವರೆ ಗಂಟೆ ಕೂಡದೆ ದಿನಾಂಕ ಮಾಡಿದರೆ ಹಿಂದಿನ ದಿನವೇ ಬರುತ್ತದೆ. ಪಠ್ಯ ದಿನಾಂಕ ಸರಿಯೇ ಎಂದು ಪರೀಕ್ಷಿಸಲು:

    ಸೆಲೆಕ್ಟ್ ರೋಐಡಿ, ನಾಟಿ_ದಿನ ಫ್ರಮ್ ಕಬ್ಬು
    ವೇರ್ ಡೇಟ್(ನಾಟಿ_ದಿನ) ಈಸ್ ನಾಟ್ ನಾಟಿ_ದಿನ;

ಡೇಟ್ ಫಂಕ್ಷನ್ ನಲ್ ಕೊಡುತ್ತದೆಯೇ ಎಂದಷ್ಟೇ ನೋಡಿದರೆ ಸಾಲದು. '2024-02-30' ಕೊಟ್ಟರೆ ಅದು ತಗಾದೆ ತೆಗೆಯದೆ '2024-03-01' ಎನ್ನುತ್ತದೆ. ಕೊಟ್ಟದ್ದೇ ಮರಳಿ ಬಂತೇ ಎಂದು ಹೋಲಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಬೇರೆ ಡೇಟಾಬೇಸ್ ಆಗಿದ್ದರೆ

ಪೋಸ್ಟ್‌ಗ್ರೆಸ್ ತನ್ನ ಕಾಲಂ ಟೈಪನ್ನು ಬಿಗಿಯಾಗಿ ಕಾಯುತ್ತದೆ. ಪಿಜಿ_ಟೈಪ್‌ಆಫ್(ತೂಕ) ಎಲ್ಲ ಸಾಲಿಗೂ ಒಂದೇ ಉತ್ತರ ಕೊಡುವುದರಿಂದ ಸಾಲು ಸಾಲಾಗಿ ಕೇಳಿ ಪ್ರಯೋಜನವಿಲ್ಲ. ಇನ್ಫರ್ಮೇಷನ್_ಸ್ಕೀಮಾದ ಕಾಲಮ್ಸ್ ಪಟ್ಟಿಯಲ್ಲಿ ಟೈಪ್, ಉದ್ದ, ದಶಮಾಂಶ ಸ್ಥಾನ ಎಲ್ಲ ಸಿಗುತ್ತದೆ. ತೊಂದರೆ ಬರುವುದು ಎಲ್ಲವನ್ನೂ ಟೆಕ್ಸ್ಟ್ ಕಾಲಂಗೆ ಸುರಿದಿದ್ದಾಗ. ಆವೃತ್ತಿ 16ರಿಂದ ಇದಕ್ಕೊಂದು ಸೊಗಸಾದ ಫಂಕ್ಷನ್ ಇದೆ: ಪಿಜಿ_ಇನ್‌ಪುಟ್_ಈಸ್_ವ್ಯಾಲಿಡ್(ತೂಕ, 'ನ್ಯೂಮೆರಿಕ್'). ದೋಷ ಎಸೆಯದೆ ಹೌದು-ಅಲ್ಲ ಹೇಳುತ್ತದೆ. ದಿನಾಂಕಕ್ಕೆ ಬಳಸುವಾಗ ಡೇಟ್‌ಸ್ಟೈಲ್ ನೋಡಿಕೊಳ್ಳಿ. ತಿಂಗಳು ಮೊದಲು ಎಂಬ ಕ್ರಮವಿದ್ದರೆ '13/07/2024' ತಿರಸ್ಕಾರವಾಗುತ್ತದೆ, '05/07/2024' ಮಾತ್ರ ಮೇ 7 ಆಗಿ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ಮೈಎಸ್‌ಕ್ಯೂಎಲ್‌ನಲ್ಲಿ ಟೈಪ್‌ಆಫ್ ಥರದ ಫಂಕ್ಷನ್ ಇಲ್ಲ. ಡಿಸ್ಕ್ರೈಬ್ ಕಬ್ಬು ಎಂದು ಬರೆದಿಟ್ಟ ಟೈಪ್ ನೋಡಿ, ಪಠ್ಯ ಕಾಲಂಗಳಿಗೆ ರೆಜೆಕ್ಸ್‌ಪ್ ಎಂಬ ಮಾದರಿ ಹೋಲಿಕೆಯ ಆದೇಶ ಬಳಸಿ ಆಕಾರ ಪರೀಕ್ಷಿಸಬೇಕು. ಪಠ್ಯವನ್ನು ಸಂಖ್ಯೆಯೊಂದಿಗೆ ಹೋಲಿಸಿದರೆ ಪಠ್ಯವೇ ಸಂಖ್ಯೆಯಾಗುವುದು ಇಲ್ಲಿನ ಬಲೆ. ವೇರ್ ತಳಿ = 0 ಎಂದು ಸೆಲೆಕ್ಟ್ ಮಾಡಿದರೆ ಅಂಕಿಯಿಂದ ಶುರುವಾಗದ ಎಲ್ಲ ತಳಿಯೂ ಎದ್ದು ಬರುತ್ತವೆ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಈಸ್‌ನ್ಯೂಮೆರಿಕ್ ನಂಬಬೇಡಿ, ಬರೀ ಚುಕ್ಕೆಗೂ ಡಾಲರ್ ಚಿಹ್ನೆಗೂ ಅದು ಹೌದು ಎನ್ನುತ್ತದೆ. ಟ್ರೈ_ಕನ್ವರ್ಟ್ ಬಳಸಿ, ಆಗದಿದ್ದಲ್ಲಿ ನಲ್ ಬರುತ್ತದೆ. ಕನ್ನಡ ಪಠ್ಯದ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ, ಎನ್‌ವಾರ್‌ಚಾರ್ ಬದಲು ವಾರ್‌ಚಾರ್ ಇದ್ದಿರಬಹುದು, ಇಲ್ಲವೇ ಸೇರಿಸುವಾಗ ಪಠ್ಯದ ಮುಂದೆ ಎನ್ ಅಕ್ಷರ ಹಾಕುವುದು ಬಿಟ್ಟುಹೋಗಿರಬಹುದು. ಹೋದ ಅಕ್ಷರ ಮರಳುವುದಿಲ್ಲ.

ಸರಿಪಡಿಸುವುದು

ಇದ್ದ ಕಾಲಂ ಮೇಲೇ ಅಪ್‌ಡೇಟ್ ಹೊಡೆಯಬೇಡಿ. ಹೊಸ ಟೇಬಲ್ ಮಾಡಿ. ಎಸ್‌ಕ್ಯೂಲೈಟ್ 3.37 ಆವೃತ್ತಿಯಿಂದ, ಅಂದರೆ 2021ರ ನವೆಂಬರ್‌ನಿಂದ, ಸ್ಟ್ರಿಕ್ಟ್ ಟೇಬಲ್ ಮಾಡಬಹುದು. ಹೊಂದದ ಟೈಪ್ ಬಂದರೆ ಅದು ಒಳಗೆ ಬಿಡುವುದೇ ಇಲ್ಲ.

    ಕ್ರಿಯೇಟ್ ಟೇಬಲ್ ಕಬ್ಬು_ಹೊಸ (
      ಗ್ರಾಮ ಟೆಕ್ಸ್ಟ್ ನಾಟ್ ನಲ್,
      ಸರ್ವೆ_ನಂ ಟೆಕ್ಸ್ಟ್,
      ಎಕರೆ ಇಂಟಿಜರ್ ಚೆಕ್ (ಎಕರೆ >= 0),
      ಗುಂಟೆ ಇಂಟಿಜರ್ ಚೆಕ್ (ಗುಂಟೆ ಬಿಟ್ವೀನ್ 0 ಆಂಡ್ 39),
      ತಳಿ ಟೆಕ್ಸ್ಟ್,
      ನಾಟಿ_ದಿನ ಟೆಕ್ಸ್ಟ್ ಚೆಕ್ (ಡೇಟ್(ನಾಟಿ_ದಿನ) ಈಸ್ ನಾಟಿ_ದಿನ),
      ತೂಕ_ಕೆಜಿ ಇಂಟಿಜರ್ ಚೆಕ್ (ತೂಕ_ಕೆಜಿ > 0),
      ಫೋನ್ ಟೆಕ್ಸ್ಟ್
    ) ಸ್ಟ್ರಿಕ್ಟ್;

ಸ್ಟ್ರಿಕ್ಟ್‌ನಲ್ಲಿ ಇಂಟ್, ಇಂಟಿಜರ್, ರಿಯಲ್, ಟೆಕ್ಸ್ಟ್, ಬ್ಲಾಬ್, ಎನಿ ಎಂಬ ಆರು ಹೆಸರಿಗೆ ಮಾತ್ರ ಅವಕಾಶ. ‘ಸ್ಟ್ರಿಂಗ್’ ಎಂದರೆ ಟೇಬಲ್ಲೇ ಆಗುವುದಿಲ್ಲ. ವಿಸ್ತೀರ್ಣವನ್ನು ಎಕರೆ, ಗುಂಟೆ ಎಂದು ಒಡೆದದ್ದರಿಂದ 2.1ರ ಗೊಂದಲ ಮತ್ತೆ ಹುಟ್ಟುವುದಿಲ್ಲ, ಒಟ್ಟು ಬೇಕಾದಾಗ ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಕೂಡಿದರಾಯಿತು. ತೂಕ ಕೆಜಿಯಲ್ಲಿ ಪೂರ್ಣಾಂಕವಾದ್ದರಿಂದ ದಶಮಾಂಶದ ಚಿಲ್ಲರೆ ತಪ್ಪುಗಳೂ ಇಲ್ಲ, ಕಾಲಂ ಹೆಸರಲ್ಲೇ ಮಾನ ಇರುವುದರಿಂದ ಟನ್ ತುಂಬುವ ಸಾಧ್ಯತೆಯೂ ಕಡಿಮೆ. ಆದರೂ ಸ್ಟ್ರಿಕ್ಟ್ ಎಲ್ಲವನ್ನೂ ಕಾಯುವುದಿಲ್ಲ: ತಂತ್ರಾಂಶ ಫೋನನ್ನು ಉದ್ಧರಣವಿಲ್ಲದೆ 0821 ಎಂಬ ಸಂಖ್ಯೆಯಾಗಿ ಕಳಿಸಿದರೆ ಟೆಕ್ಸ್ಟ್ ಕಾಲಂನಲ್ಲಿ ಕೂರುವುದು '821'. ಕಳಿಸುವ ಕಡೆಯೇ ಪಠ್ಯವಾಗಿರಬೇಕು.

ಸಾಗಿಸುವ ಮೊದಲು, ಹಿಂದಿನ ಹೆಜ್ಜೆಗಳಲ್ಲಿ ಸಿಕ್ಕಿಬಿದ್ದ ಸಾಲುಗಳನ್ನೆಲ್ಲ ಅವುಗಳ ರೋಐಡಿ ಮತ್ತು ಕಾರಣದೊಂದಿಗೆ ‘ತಕರಾರು’ ಎಂಬ ಬೇರೆ ಟೇಬಲ್‌ಗೆ ಹಾಕಿ. ಉಳಿದವನ್ನು ಬಿಗಿನ್, ಕಮಿಟ್ ನಡುವೆ ಹೊಸ ಟೇಬಲ್‌ಗೆ ಸೇರಿಸಿ. ಹಳೆಯದರ ಸಾಲುಗಳು 2400 ಇದ್ದರೆ ಹೊಸದು ಮತ್ತು ತಕರಾರು ಸೇರಿ 2400 ಆಗಲೇಬೇಕು. ಕಮಿಟ್ ಹೊಡೆಯುವ ಮೊದಲೇ ಎಣಿಸಿ, ಒಂದು ಕಡಿಮೆಯಾದರೂ ರೋಲ್‌ಬ್ಯಾಕ್, ಅಂದರೆ ಸೇರಿಸಿದ್ದನ್ನೆಲ್ಲ ರದ್ದು ಮಾಡಿ. ಎಣಿಕೆ ಸರಿಹೋದ ಮೇಲೆ ಗ್ರಾಮವಾರು ತೂಕದ ಮೊತ್ತವನ್ನು ಚೀಟಿಗಳ ಜೊತೆ ತಾಳೆ ನೋಡಿ.

ತಕರಾರು ಟೇಬಲ್‌ನ ಕನ್ನಡ ಅಂಕಿ, ಅಲ್ಪವಿರಾಮ, ‘ಟನ್’ ಎಂಬ ಬಾಲ ಇವೆಲ್ಲ ರಿಪ್ಲೇಸ್‌ನಿಂದ ಅರ್ಧ ಗಂಟೆಯಲ್ಲಿ ಸರಿಹೋಗುತ್ತವೆ. ವಿಸ್ತೀರ್ಣ 2.1, 3.2, 1.3 ಎಂದು ಚುಕ್ಕೆಯ ನಂತರ ಒಂದೇ ಅಂಕಿ ಇರುವವು ಹಾಗಲ್ಲ. ಅವನ್ನು ಗ್ರಾಮ ಮತ್ತು ಸರ್ವೆ ನಂಬರಿನ ಕ್ರಮದಲ್ಲಿ ಪಟ್ಟಿ ಮಾಡಿ ಮುದ್ರಿಸಿ, ಪಹಣಿ ಮುಂದಿಟ್ಟುಕೊಂಡು ಒಂದೊಂದಾಗಿ ತುಂಬಬೇಕು.